ಮಂಡಲಕ್ಕೆ ಬಣ್ಣ, ರಂಗವಲ್ಲಿಗೆ ಪೊರಕೆ

ಕೆಲವು ತಿಂಗಳ ಹಿಂದೆ ನಮ್ಮ ಸೀಮೆಯ ಕಾಲೇಜೊಂದರಲ್ಲಿ ‘ಕಲಾಚಿಕಿತ್ಸೆ’ಯ ಶಿಬಿರ ನಡೆಯಿತು. ಪರೀಕ್ಷೆಯ ದಿಗಿಲಿನಿಂದಲೂ ಮನೆಯ ತಾಪತ್ರಯಗಳಿಂದಲೂ ಕುಗ್ಗಿದ ವಿದ್ಯಾರ್ಥಿಗಳ ಮನಸ್ಸನ್ನು ಹಗುರ ಮಾಡುವುದು ಅದರ ಉದ್ದೇಶ. ಉದ್ದೇಶವೇನೋ ಒಳ್ಳೆಯದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ನಗರದಿಂದ ಬಂದಿದ್ದ ತರಬೇತುದಾರರು ಪ್ರತಿಯೊಬ್ಬರ ಕೈಗೂ ಒಂದು ಅಚ್ಚಾದ ಹಾಳೆ, ಒಂದು ಡಬ್ಬಿ ಬಣ್ಣದ ಕಡ್ಡಿ ಕೊಟ್ಟರು. ಹಾಳೆಯ ಮೇಲೆ ದುಂಡನೆಯ ವಿನ್ಯಾಸ. ಸುತ್ತಿನೊಳಗೆ ಸುತ್ತು, ದಳದೊಳಗೆ ದಳ. ಅದಕ್ಕೆ ಮಂಡಲವೆಂದು ಹೆಸರು. ಹಿನ್ನೆಲೆಯಲ್ಲಿ ಎಲ್ಲಿಯದೋ ಕೊಳಲು. ಮುಕ್ಕಾಲು ಗಂಟೆಯ ಹೊತ್ತು ಮಕ್ಕಳು ತಲೆ ಬಗ್ಗಿಸಿ ಬಣ್ಣ ತುಂಬಿದರು. ಗೆರೆ ದಾಟಬಾರದೆಂಬುದು ನಿಯಮ.

ಅಂದು ಬೆಳಿಗ್ಗೆ ಇನ್ನೊಂದು ಸಣ್ಣ ಸಂಗತಿ ನಡೆದಿತ್ತು. ಕಾಲೇಜಿನ ಕಸ ಗುಡಿಸುವ ಹೆಂಗಸರಿಬ್ಬರು, ಅತಿಥಿಗಳು ಬರುತ್ತಾರೆಂದು ಬೆಳಕು ಹರಿಯುವ ಮುನ್ನವೇ ಬಂದು, ಬಾಗಿಲ ಮುಂದೆ ನೀರು ಚಿಮುಕಿಸಿ ದೊಡ್ಡದೊಂದು ರಂಗವಲ್ಲಿ ಬಿಟ್ಟಿದ್ದರು. ಶಿಬಿರದ ಹೆಸರಿನ ಫಲಕವನ್ನು ನಿಲ್ಲಿಸುವುದಕ್ಕೆ ಸರಿಯಾಗಿ ಅದೇ ಜಾಗ ಬೇಕಾಯಿತು. ರಂಗವಲ್ಲಿ ಬಿಟ್ಟ ಕೈಗಳಿಗೇ ಪೊರಕೆ ಕೊಟ್ಟು ಅದನ್ನು ಗುಡಿಸಿಸಿದ್ದಾಯಿತು. ಒಳಗೆ ಮಂಡಲಕ್ಕೆ ಬಣ್ಣ; ಹೊರಗೆ ರಂಗವಲ್ಲಿಗೆ ಪೊರಕೆ!

ಶಿಬಿರ ಮುಗಿದ ಮೇಲೆ ಕೃಷ್ಣರಾಜಪೇಟೆ ಕಡೆಯ ಹುಡುಗಿಯೊಬ್ಬಳು ತಾನು ಬಣ್ಣ ತುಂಬಿದ ಹಾಳೆಯನ್ನು ನನ್ನ ಮುಂದೆ ಹಿಡಿದಳು. “ಸಾರ್, ಇಂಥದ್ದನ್ನ ನಮ್ಮವ್ವ ದಿನಾ ಬೆಳಿಗ್ಗೆ ಬಾಗಿಲಿಗೆ ಬಿಡ್ತಾಳೆ. ಅವಳಿಗೆ ಯಾರೂ ಗೆರೆ ಹಾಕಿ ಕೊಡೋದಿಲ್ಲ. ಅದೂ ಚಿಕಿತ್ಸೆಯಾ?” ಎಂದು ಕೇಳಿದಳು. ಕೇಳಿದ್ದು ಕುಹಕದಿಂದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು. ನನಗೆ ಆಗ ಉತ್ತರ ಹೊಳೆಯಲಿಲ್ಲ. ಸಮಾರೋಪದ ಅಧ್ಯಕ್ಷರಿಗೆ ಮಾತ್ರ ಎಲ್ಲಕ್ಕೂ ಉತ್ತರ ಸಿದ್ಧವಾಗಿತ್ತು. ಇದೆಲ್ಲ ನಮ್ಮ ಪೂರ್ವಿಕರಿಗೆ ತಿಳಿದಿದ್ದ ವಿದ್ಯೆಯೆಂದೂ, ಸೋಬಾನೆ ಕೋಲಾಟಗಳಿದ್ದ ಕಾಲದಲ್ಲಿ ಮನೋರೋಗವೆಂಬುದೇ ಹಳ್ಳಿಗಳಲ್ಲಿ ಇರಲಿಲ್ಲವೆಂದೂ, ಪಶ್ಚಿಮದವರು ನಮ್ಮಿಂದ ಕದ್ದುದನ್ನು ನಮಗೇ ಮಾರುತ್ತಿದ್ದಾರೆಂದೂ ಅವರು ಘಂಟಾಘೋಷವಾಗಿ ಸಾರಿದರು. ಚಪ್ಪಾಳೆಗೆ ಕೊರತೆಯಾಗಲಿಲ್ಲ.

ಹಾಳೆ ಹಂಚಿದವರೂ ತಪ್ಪಿದರು, ಚಪ್ಪಾಳೆ ಗಿಟ್ಟಿಸಿದವರೂ ತಪ್ಪಿದರು ಎಂಬುದು ನನ್ನ ವಾದ. ಮೊದಲನೆಯವರಿಗೆ ನಮ್ಮ ಅಂಗಳದಲ್ಲಿ ಏನಿದೆಯೆಂದು ಗೊತ್ತಿಲ್ಲ. ಎರಡನೆಯವರಿಗೆ ನಮ್ಮ ಅಂಗಳದಿಂದ ಯಾರನ್ನು ಹೊರಗಿಟ್ಟಿದ್ದೇವೆಂದು ಗೊತ್ತಿಲ್ಲ.

*

ಮೊದಲು ಈ ಕಲಾಚಿಕಿತ್ಸೆಯೆಂಬುದು ಏನು, ನೋಡೋಣ. ಏಡ್ರಿಯನ್ ಹಿಲ್ ಎಂಬ ಆಂಗ್ಲ ಚಿತ್ರಕಾರ ಕ್ಷಯರೋಗದಿಂದ ಸ್ಯಾನಟೋರಿಯಮ್ಮಿನಲ್ಲಿ ಮಲಗಿದ್ದಾಗ, ಚಿತ್ರ ಬರೆಯುವುದರಿಂದ ತನ್ನ ಮನಸ್ಸಿಗೆ ಬಲ ಬರುವುದನ್ನು ಕಂಡುಕೊಂಡ. ಜೊತೆಯ ರೋಗಿಗಳಿಗೂ ಬರೆಯಲು ಕಲಿಸಿದ. 1942ರಲ್ಲಿ ಅದಕ್ಕೆ ಕಲಾಚಿಕಿತ್ಸೆಯೆಂದು ಹೆಸರಿಟ್ಟವನು ಅವನೇ. ಅದು ಆಮೇಲೆ ಮನೋವೈದ್ಯದೊಡನೆ ಸೇರಿ ಒಂದು ವೃತ್ತಿಯಾಗಿ ಬೆಳೆಯಿತು. ಬ್ರಿಟನ್ನಿನಲ್ಲಿ ಇಂದು ತಕ್ಕ ಶಿಕ್ಷಣ ಪಡೆದು ನೋಂದಾಯಿಸಿಕೊಳ್ಳದವರು ತಮ್ಮನ್ನು ಕಲಾಚಿಕಿತ್ಸಕರೆಂದು ಕರೆದುಕೊಳ್ಳುವುದು ಕಾನೂನಿಗೆ ವಿರುದ್ಧ. ಅದರಲ್ಲಿ ಮುಖ್ಯವಾದುದು ಬಣ್ಣದ ಕಡ್ಡಿಯಲ್ಲ. ರೋಗಿ ತನ್ನ ಕೈಯಿಂದ ತಾನೇ ಏನನ್ನಾದರೂ ಮಾಡಬೇಕು; ಅವನ ನೋವಿನ ಗತಿಯನ್ನು ಬಲ್ಲವರೊಬ್ಬರು ಪಕ್ಕದಲ್ಲಿ ಕುಳಿತಿರಬೇಕು; ಇಬ್ಬರ ನಡುವೆ ನಂಬಿಕೆ ಬೆಳೆಯಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಕಾಲಹರಣವಾದೀತೇ ಹೊರತು ಚಿಕಿತ್ಸೆಯಾಗದು.

ಮಂಡಲದ ಕಥೆಯೂ ಹೀಗೆಯೇ. ಅದು ನಮ್ಮ ಶಬ್ದವೆ. ಸ್ವಿಟ್ಸರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ ಅದನ್ನು ಎತ್ತಿಕೊಂಡು, ಒಡೆದ ಮನಸ್ಸು ಮತ್ತೆ ಒಂದಾಗಲು ಹವಣಿಸುವುದರ ಕುರುಹೆಂದು ಅದಕ್ಕೆ ಅರ್ಥ ಹೇಳಿದ. ಆದರೆ ಆತ ತಾನೂ ಬರೆದದ್ದು, ರೋಗಿಗಳಿಂದ ಬರೆಯಿಸಿದ್ದು, ಅವರವರ ಒಳಗಿನಿಂದ ಹೊರಟ ಗೆರೆಗಳನ್ನು, ಅಚ್ಚಾದ ಹಾಳೆಯನ್ನಲ್ಲ. ಇನ್ನೊಬ್ಬರು ಹಾಕಿದ ಗೆರೆಯೊಳಗೆ ಬಣ್ಣ ತುಂಬಿದರೆ ತುಸು ಹೊತ್ತು ಗಮನ ನಿಲ್ಲಬಹುದು. ಮನಸ್ಸು ಸ್ವಲ್ಪ ತಣಿಯಲೂಬಹುದು. ಅಷ್ಟಕ್ಕೆ ಅಷ್ಟೇ ಹೆಸರು ಕೊಟ್ಟರೆ ಯಾರಿಗೂ ಆಕ್ಷೇಪವಿರದು.

ಕಲಾಚಿಕಿತ್ಸೆಯಿಂದ ಎಲ್ಲ ರೋಗವೂ ಹೋಗುತ್ತದೆಂದು ಅದನ್ನು ಬಲ್ಲವರು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿದ ವರದಿಯೊಂದನ್ನು ಪ್ರಕಟಿಸಿ, ರೋಗವನ್ನು ತಡೆಯುವುದರಲ್ಲೂ ರೋಗಿಯ ಬಾಳನ್ನು ಹಸನು ಮಾಡುವುದರಲ್ಲೂ ಕಲೆಗಳಿಗೆ ಪಾತ್ರವುಂಟೆಂದು ಹೇಳಿತು. ಅದಕ್ಕೂ ಮುಂಚೆ, 2012ರಲ್ಲಿ, ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ರೋಗದ 417 ಮಂದಿಯನ್ನು ಒಳಗೊಂಡ ದೊಡ್ಡದೊಂದು ಪರೀಕ್ಷೆ ನಡೆದು, ಗುಂಪಿನಲ್ಲಿ ಚಿತ್ರ ಬರೆಯಿಸುವುದರಿಂದ ಆ ರೋಗದಲ್ಲಿ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲವೆಂಬ ಫಲಿತಾಂಶ ಬಂದಿತ್ತು. ಎರಡನ್ನೂ ಒಟ್ಟಿಗೆ ನೆನಪಿಡಬೇಕು. ಒಂದನ್ನು ಎತ್ತಿ ಹಿಡಿದು ಇನ್ನೊಂದನ್ನು ಮುಚ್ಚಿಡುವವನು ಔಷಧ ಮಾರುವ ಗಿರಾಕಿಯೇ ಹೊರತು ರೋಗಿಯ ಹಿತೈಷಿಯಲ್ಲ.

*

ಇನ್ನು ‘ಪ್ರಾದೇಶಿಕ ಕಲೆ’ಯೆಂಬ ಮಾತು. ಈ ಮಾತು ಕಿವಿಗೆ ಬಿದ್ದೊಡನೆ ಶಿಬಿರದವರ ಕಣ್ಣು ಶ್ರೀರಂಗಪಟ್ಟಣದ ಕಡೆಗೆ ಹೊರಳುತ್ತದೆ. ಅಲ್ಲಿ ದರಿಯಾ ದೌಲತ್ ಇದೆ; 1784ರ ಆ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನ ಇದೆ. ವಿಜಯನಗರ ಅಳಿದ ಮೇಲೆ ರಾಜ ಒಡೆಯರ ಆಶ್ರಯಕ್ಕೆ ಬಂದ ಚಿತ್ರಗಾರರ ಮನೆತನಗಳಿಂದ ಬೆಳೆದು, ಆಮೇಲೆ ಮೈಸೂರು ಚಿತ್ರಶೈಲಿಯೆನಿಸಿಕೊಂಡ ಚಿನ್ನದ ಹಾಳೆಯ ಕುಸುರಿಯಿದೆ. ಅದು ದೊಡ್ಡ ಕಲೆ, ಸಂದೇಹವಿಲ್ಲ. ಆದರೆ ಅದು ಅರಸರ ಆಶ್ರಯದಲ್ಲಿ, ವರ್ಷಗಟ್ಟಲೆ ಕೈ ಪಳಗಿಸಿದವರು ಬರೆದದ್ದು. ಬರೆಯುವವರು ಕೆಲವರು, ನೋಡುವವರು ಹಲವರು. ಅಂಥದ್ದನ್ನು ಮೂರು ಗಂಟೆಯ ಶಿಬಿರದಲ್ಲಿ ರೋಗಿಯಿಂದ ಮಾಡಿಸಹೋದರೆ, ‘ನನಗೆ ಇದೂ ಬರಲಿಲ್ಲ’ ಎಂಬ ಇನ್ನೊಂದು ಕೊರಗನ್ನು ಅವನ ತಲೆಗೆ ಕಟ್ಟಿದಂತಾಗುತ್ತದೆ.

ಚಿಕಿತ್ಸೆಗೆ ಒದಗುವ ಕಲೆ ಅರಮನೆಯ ಗೋಡೆಯ ಮೇಲಿಲ್ಲ, ಬಾಗಿಲ ಮುಂದಿದೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬೆಳಗಿನ ಹೊತ್ತು ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದಲೇ ಅದನ್ನು ಕಾಣಬಹುದು. ಮನಸ್ಸು ಕುಗ್ಗಿದವರಿಗೆ ಎಲ್ಲಕ್ಕಿಂತ ಕಷ್ಟವಾದುದು ಹಾಸಿಗೆಯಿಂದ ಏಳುವುದು. ರಂಗವಲ್ಲಿ ಅಂಥವರಿಂದ ಕೇಳುವುದು ಬಹಳ ಸ್ವಲ್ಪ: ಒಂದು ಹಿಡಿ ಪುಡಿ, ನಾಲ್ಕು ಚುಕ್ಕಿ, ಸುತ್ತ ಒಂದು ಎಳೆ. ಎಳೆ ತಪ್ಪಿದರೆ ಬೆರಳಿನಿಂದ ಒರಸಿ ಮತ್ತೆ ಎಳೆಯಬಹುದು. ಹೊತ್ತೇರುವುದರೊಳಗೆ ಅದು ಕಾಲ ಕೆಳಗೆ ಅಳಿಸಿಹೋಗುತ್ತದೆ. ಚೌಕಟ್ಟು ಕಟ್ಟಿ ಗೋಡೆಗೆ ತೂಗಿ ಅಂಕ ಹಾಕುವವರಿಲ್ಲ. ನಾಳೆ ಮತ್ತೆ ಹೊಸ ಅಂಗಳ. ಇಷ್ಟು ದಯೆಯುಳ್ಳ ಕಲೆ ಬೇರೆ ಯಾವುದಿದೆ?

ಸೋಬಾನೆಯನ್ನು ನೋಡಿ. ಒಬ್ಬಳು ಸೊಲ್ಲು ಎತ್ತುತ್ತಾಳೆ. ಉಳಿದವರು ಸೊಲ್ಲಿಗೆ ಸೊಲ್ಲು ಸೇರಿಸುತ್ತಾರೆ. ಗಂಟಲಿಲ್ಲದವಳು ತುಟಿ ಆಡಿಸಿದರೂ ಸಂದಿತು. ಸುಮ್ಮನೆ ಕುಳಿತರೂ ಅವಳು ಮೇಳದವಳೆ. ‘ನಿಮ್ಮ ನೋವನ್ನು ಎಲ್ಲರೆದುರು ಹೇಳಿಕೊಳ್ಳಿ’ ಎಂದು ಶಿಬಿರಗಳಲ್ಲಿ ಬಲವಂತ ಮಾಡುತ್ತಾರಲ್ಲ, ಆ ಬಲವಂತ ಇಲ್ಲಿಲ್ಲ. ತವರನ್ನು ಬಿಟ್ಟು ಬಂದ ಸಂಕಟ, ಅತ್ತೆಯ ಮಾತಿನ ಇರಿತ, ಒಡಹುಟ್ಟಿದವನಿಗಾಗಿ ಹಂಬಲ ಎಲ್ಲವೂ ಆಗಲೇ ಪದದೊಳಗಿವೆ. ‘ಇದು ನನ್ನ ಕಥೆ’ ಎಂದು ಬಾಯಿಬಿಟ್ಟು ಹೇಳದೆಯೇ ತನ್ನ ಕಥೆಯನ್ನು ಹಾಡಿ ಮುಗಿಸಬಹುದು.

ತೊಗಲುಗೊಂಬೆಯಾಟದ ಕಿಳ್ಳೇಕ್ಯಾತನನ್ನು ನೋಡಿ. ರಾಮನೂ ರಾವಣನೂ ಗಂಭೀರವಾಗಿ ಮಾತನಾಡುತ್ತಿರುವಾಗ ನಡುವೆ ನುಗ್ಗಿ, ಊರಿನಲ್ಲಿ ಯಾರೂ ಆಡಲಾರದ ಮಾತನ್ನು ಆಡಿಬಿಡುತ್ತಾನೆ. ಹೆಂಡತಿ ಬಂಗಾರಕ್ಕ ಅವನಿಗೆ ತಕ್ಕ ಜೋಡಿ. ತನ್ನ ಬಾಯಿಂದ ಹೇಳಲಾಗದ್ದನ್ನು ಗೊಂಬೆಯ ಬಾಯಿಂದ ಹೇಳಿಸುವ ಉಪಾಯವನ್ನು ಮಕ್ಕಳ ಮನೋವೈದ್ಯರು ಇಂದು ಬಳಸುತ್ತಾರೆ. ನಮ್ಮ ಸೀಮೆಯಲ್ಲಿ ಅದಕ್ಕೆ ತೆರೆಯೂ ದೀಪವೂ ಆಗಲೇ ಇದ್ದವು. ಗ್ರಾಮದೇವತೆಯ ಮುಂದೆ ಕುಣಿಯುವ ಸೋಮನ ಮುಖವಾಡವೂ ಹಾಗೆಯೇ: ಊರಿನ ಅಂಜಿಕೆಗೆ ಕಣ್ಣು, ಮೂಗು, ಬಣ್ಣ ಕೊಟ್ಟು ಹಾಡುಹಗಲಲ್ಲಿ ಕುಣಿಸುವ ಕಲೆ. ಕಣ್ಣಿಗೆ ಕಂಡ ಭಯ ಅರ್ಧ ಭಯ.

ಈ ಸಂಪತ್ತನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಇಬ್ಬರು ನಾಗಮಂಗಲ ತಾಲ್ಲೂಕಿನ ಮಣ್ಣಿನವರೇ. ಹೆರಗನಹಳ್ಳಿಯ ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ಆಮೇಲೆ ರಾಮನಗರದ ಬಳಿ ಜಾನಪದ ಲೋಕವನ್ನು ನಿಲ್ಲಿಸಿದರು. ಅಂಬಲಜೀರಹಳ್ಳಿಯ ಜೀ. ಶಂ. ಪರಮಶಿವಯ್ಯನವರು ಊರೂರು ಅಲೆದು ಕಥೆ ಕಾವ್ಯಗಳನ್ನು ಸಂಗ್ರಹಿಸಿ, ಜಾನಪದವನ್ನು ವಿಶ್ವವಿದ್ಯಾನಿಲಯದ ವ್ಯಾಸಂಗವಾಗಿಸಿದರು. ಅವರು ಉಳಿಸಿಕೊಟ್ಟದ್ದನ್ನು ನಾವು ಏನು ಮಾಡಿದೆವು? ಎಂ.ಎ. ತರಗತಿಯಲ್ಲಿ ಹದಿನಾರು ಅಂಕದ ಪ್ರಶ್ನೆ ಮಾಡಿದೆವು. ಈ ಮಾತು ನನಗೂ ಸೇರಿದ್ದೇ. ಅಂಥ ಪ್ರಶ್ನೆಗಳನ್ನು ನಾನೂ ಬರೆದುಕೊಟ್ಟಿದ್ದೇನೆ.

*

ಇಷ್ಟರ ಮಟ್ಟಿಗೆ ಅಧ್ಯಕ್ಷರು ನನ್ನ ಮಾತಿಗೆ ತಲೆದೂಗಿಯಾರು. ಮುಂದಿನದನ್ನು ಅವರು ಒಪ್ಪಲಾರರೆಂದು ನನಗೆ ಗೊತ್ತು. ಅದನ್ನು ಹೇಳಲು ನಮ್ಮ ಮನೆಯ ಸಂಗತಿಯೊಂದನ್ನು ಎತ್ತಬೇಕಾಗಿದೆ.

ನನ್ನ ಸೋದರತ್ತೆಯೊಬ್ಬಳು ಕಿಕ್ಕೇರಿ ಹೋಬಳಿಯ ಹಳ್ಳಿಯೊಂದರಲ್ಲಿ ಬಾಳಿದವಳು. ಓದು ಬರಹ ಇಲ್ಲ. ಆದರೆ ಸುತ್ತಿನ ಏಳೆಂಟು ಹಳ್ಳಿಗಳಲ್ಲಿ ಯಾರ ಮನೆಯ ಮದುವೆಯಾದರೂ ಮೊದಲ ಸೊಲ್ಲು ಅವಳದೇ. ಹಸೆ ಬರೆಯುವುದಕ್ಕೂ ಅವಳೇ ಬೇಕು. ಅವಳ ಐವತ್ತೆರಡನೆಯ ವಯಸ್ಸಿನಲ್ಲಿ ಮಾವ ತೀರಿಕೊಂಡರು. ಅಂದಿನಿಂದ ಅವಳನ್ನು ಯಾರೂ ಸೋಬಾನೆಗೆ ಕರೆಯಲಿಲ್ಲ. ‘ಬರಬೇಡ’ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೆ. ಹಸೆ ಬರೆಯುವುದು, ಆರತಿ ಎತ್ತುವುದು ಮುತ್ತೈದೆಯರ ಕೆಲಸ. ಮನೆಯ ಮುಂದಿನ ರಂಗವಲ್ಲಿಯನ್ನು ಸೊಸೆ ವಹಿಸಿಕೊಂಡಳು. ಒಂದು ವರ್ಷದೊಳಗೆ ಅತ್ತೆ ಮಾತನ್ನೇ ಬಿಟ್ಟಳು. ಊಟ ತಗ್ಗಿತು, ನಿದ್ದೆ ಹೋಯಿತು. ಹಗಲೆಲ್ಲ ಹಟ್ಟಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿರುತ್ತಿದ್ದಳು. ಗಂಡನ ದುಃಖವೆಂದರು ಕೆಲವರು; ಗಾಳಿ ಸೋಕಿದೆಯೆಂದರು ಕೆಲವರು. ಗಾಳಿ ಬಿಡಿಸುವವನೊಬ್ಬನಿಗೆ ಎರಡು ಅಮಾವಾಸ್ಯೆ ಹಣ ತೆತ್ತದ್ದಾಯಿತು. ಬೇವಿನ ಸೊಪ್ಪಿನ ಬರೆ ಅವಳ ಬೆನ್ನ ಮೇಲೆ ಬಹಳ ದಿನ ಉಳಿದಿತ್ತು.

ಕೊನೆಗೆ ಮೈಸೂರಿನ ವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದೆವು. ಅವರು ಅದನ್ನು ಖಿನ್ನತೆಯೆಂಬ ರೋಗವೆಂದು ಗುರುತಿಸಿ ಮಾತ್ರೆ ಬರೆದುಕೊಟ್ಟರು. ತಿಂಗಳೊಪ್ಪತ್ತಿನಲ್ಲಿ ನಿದ್ದೆ ಬಂದಿತು, ಊಟ ಸೇರಿತು. ಆ ವೈದ್ಯರಿಗೆ ನಾವು ಋಣಿಗಳು. ಮಾತ್ರೆ ಇಲ್ಲದಿದ್ದರೆ ಅವಳು ಉಳಿಯುತ್ತಿರಲಿಲ್ಲವೆಂದು ಇಂದಿಗೂ ನಂಬಿದ್ದೇನೆ. ಆದರೆ ಮಾತು ಬರಲಿಲ್ಲ. ಮೂರನೆಯ ಸಲ ಹೋದಾಗ ವೈದ್ಯರು, “ಅಮ್ಮ ಮೊದಲು ಏನು ಮಾಡಿಕೊಂಡಿದ್ದರು?” ಎಂದು ಕೇಳಿದರು. ಹಾಡುತ್ತಿದ್ದಳೆಂದೆ. “ಈಗ ಯಾಕೆ ಹಾಡುವುದಿಲ್ಲ?” ಎಂದರು. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಮನೆಯವರಾದ ನಾವು ಒಬ್ಬರೂ ಕೇಳಿರಲಿಲ್ಲ.

ಮರುವರ್ಷ ನನ್ನ ತಂಗಿಯ ಮದುವೆ. ‘ಅತ್ತೆ ಬಂದು ಕೂರದಿದ್ದರೆ ನನಗೆ ಸೋಬಾನೆಯೇ ಬೇಡ’ ಎಂದು ಅವಳು ಹಟ ಹಿಡಿದಳು. ಹಿರಿಯರು ಗೊಣಗಿದರು, ಆದರೂ ಒಪ್ಪಿದರು. ಅತ್ತೆ ಬಂದು ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಕುಳಿತಳು. ಹಾಡಲಿಲ್ಲ. ರಾತ್ರಿ ಬಹಳ ಹೊತ್ತಾದ ಮೇಲೆ ಮುಂದಾಳಾಗಿದ್ದ ಹೆಂಗಸು ಪದದ ನಡುವೆ ಒಂದು ಸೊಲ್ಲನ್ನು ಮರೆತು ಮುಂದಕ್ಕೆ ಹೋದಳು. ಆಗ ಹಿಂದಿನಿಂದ ದನಿ ಕೇಳಿಸಿತು: “ಅಂಗಲ್ಲ ಕಣವ್ವ. ನಡುವೆ ಒಂದ್ ಸೊಲ್ಲು ಬುಟ್‌ಬುಟ್ಟೆ.” ಎರಡು ವರ್ಷದ ಮೇಲೆ ಅವಳು ಆಡಿದ ಮೊದಲ ಪೂರ್ತಿ ಮಾತು ಅದು. ಬಿಟ್ಟುಹೋದ ಸೊಲ್ಲನ್ನು ಅವಳೇ ಹೇಳಿಕೊಟ್ಟಳು.

ಹಾಡಿನಿಂದ ರೋಗ ವಾಸಿಯಾಯಿತೆಂದು ನಾನು ಹೇಳುತ್ತಿಲ್ಲ. ಮಾತ್ರೆಗಳು ಆಮೇಲೂ ಎರಡು ವರ್ಷ ನಡೆದವು. ನಾನು ಹೇಳುವುದು ಇಷ್ಟೆ: ಅವಳಿಗೆ ರೋಗ ಬಂದಾಗ ಅವಳ ಔಷಧದಲ್ಲಿ ಅರ್ಧ ಅವಳ ಗಂಟಲಲ್ಲೇ ಇತ್ತು, ಅದಕ್ಕೆ ಬೀಗ ಹಾಕಿದವರು ಪಶ್ಚಿಮದವರಲ್ಲ, ನಾವು. ಬೇಕಾದವಳಿಗೆ ಬೇಕಾದ ಹೊತ್ತಿನಲ್ಲಿ ಸೋಬಾನೆ ಬಾಗಿಲು ಮುಚ್ಚಿಕೊಂಡಿತು. ‘ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತು’ ಎನ್ನುವ ಮಹನೀಯರು ಈ ಬೀಗದ ಕೈ ಯಾರ ಸೊಂಟದಲ್ಲಿದೆಯೆಂದು ಒಮ್ಮೆ ತಡವಿ ನೋಡಿಕೊಳ್ಳಲಿ.

*

ನಮ್ಮ ಪರಂಪರೆಯಲ್ಲಿ ಮನಸ್ಸಿನ ನೋವಿಗೆ ಆಸರೆಯೇ ಇರಲಿಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ತಮಿಳುನಾಡಿನ ದೇವಸ್ಥಾನವೊಂದರಲ್ಲಿ ಬಂದು ತಂಗಿದ್ದ 31 ಮಂದಿ ತೀವ್ರ ಮನೋರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಬರೆದರು. ಅಲ್ಲಿ ಔಷಧವೂ ಇರಲಿಲ್ಲ, ವಿಶೇಷವಾದ ಮಂತ್ರತಂತ್ರವೂ ಇರಲಿಲ್ಲ. ಜೊತೆಗೆ ಮನೆಯವರೊಬ್ಬರು, ಗುಡಿಯ ಸಣ್ಣಪುಟ್ಟ ಕೆಲಸ, ಹೆದರಿಸದ ವಾತಾವರಣ; ಇಷ್ಟರಿಂದಲೇ ರೋಗದ ಲಕ್ಷಣಗಳು ಸುಮಾರು ಐದನೆಯ ಒಂದು ಭಾಗದಷ್ಟು ತಗ್ಗಿದ್ದವು. ಇದು ಒಂದು ಮುಖ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಗುಣವಾಗಲೆಂದು ಮನೆಯವರು ತಂದು ಬಿಟ್ಟಿದ್ದ 28 ಮಂದಿ, ಸರಪಳಿಯಲ್ಲಿ ಕಟ್ಟಿಹಾಕಿದ್ದುದರಿಂದ ಓಡಲಾರದೆ ಸತ್ತರು. ಇದು ಇನ್ನೊಂದು ಮುಖ. ಸಂಪ್ರದಾಯವನ್ನು ಹೊಗಳುವವರು ಎರಡನೆಯದನ್ನು ಮರೆಯುತ್ತಾರೆ. ತೆಗಳುವವರು ಮೊದಲನೆಯದನ್ನು ಮರೆಯುತ್ತಾರೆ. ಸೋದರತ್ತೆಯ ಬೆನ್ನು ಕಂಡ ನನಗೆ ಎರಡನ್ನೂ ಮರೆಯುವ ಹಾಗಿಲ್ಲ.

ಆದ್ದರಿಂದ ಹಳೆಯ ಕಲೆಗೆ ಹೊಸ ಅಂಗಳ ಬೇಕು. ಆ ಅಂಗಳ ಆಸ್ಪತ್ರೆಯದಾದರೆ ತಪ್ಪೇನು? ಮದುವೆಯ ಮನೆಯಲ್ಲಿ ವಿಧವೆಗೆ ಸಿಗದ ಜಾಗ ಆಸ್ಪತ್ರೆಯ ಜಗಲಿಯಲ್ಲಿ ಸಿಕ್ಕೀತು. ಅಲ್ಲಿ ಮುತ್ತೈದೆ, ವಿಧವೆ, ಬಂಜೆ, ಗಂಡ ಬಿಟ್ಟವಳು ಎಂಬ ಪಂಕ್ತಿಭೇದವಿಲ್ಲ, ಇರಕೂಡದು. ಆಸ್ಪತ್ರೆಗೆ ಕಲೆ ಬೇಕಾಗಿರುವಷ್ಟೇ ನಮ್ಮ ಕಲೆಗೂ ಆಸ್ಪತ್ರೆಯ ಅಂಗಳ ಬೇಕಾಗಿದೆ.

ಇದು ಹಗಲುಗನಸೆಂದು ಕೆಲವರು ನಕ್ಕಾರು. ಕರ್ನಾಟಕ ಇಂಥ ಕೆಲಸದಲ್ಲಿ ಹಿಂದೆ ಬಿದ್ದ ನಾಡಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದೆಂದು ತೋರಿಸಿತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮೈಸೂರಿನ ರಂಗಾಯಣದ ಕಲಾವಿದರಾದ ಹುಲುಗಪ್ಪ ಕಟ್ಟೀಮನಿಯವರು ಕಾರಾಗೃಹದ ಕೈದಿಗಳಿಂದ ಕನ್ನಡ ನಾಟಕಗಳನ್ನು ಆಡಿಸಿದರು. ಅವರು ಕೈದಿಗಳಿಗೆ ಬಣ್ಣ ತುಂಬುವ ಹಾಳೆ ಕೊಡಲಿಲ್ಲ. ಪೂರ್ತಿ ನಾಟಕವನ್ನು ಕೊಟ್ಟರು, ಪ್ರೇಕ್ಷಕರನ್ನು ಕೊಟ್ಟರು. ಕಲೆಯನ್ನು ಸಂಸ್ಥೆಯೊಳಗೆ ಒಯ್ಯುವ ರೀತಿ ಅದು.

ನನ್ನ ಸಲಹೆ ಸಣ್ಣದು. 2014ರಲ್ಲಿ ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ವೆಂಬ ಕಾರ್ಯಕ್ರಮ ಬಂದಿತು, ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಬೇಕೆಂಬುದು ಅದರ ಏರ್ಪಾಡು. ಅಂಥ ದಿನ ದೂರದ ಹಳ್ಳಿಗಳಿಂದ ಬಂದವರು ಚೀಟಿ ಹಿಡಿದುಕೊಂಡು ಗಂಟೆಗಟ್ಟಲೆ ಕಾಯುತ್ತಾರೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆ ಕಾಯುವ ಹೊತ್ತನ್ನು ಕಲೆಗೆ ಕೊಡಿ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಲ್ಲಿ ಮೊದಲು ಮಾಡಿ ನೋಡಿ. ಅಂಗಳದಲ್ಲಿ ಒಂದಿಷ್ಟು ರಂಗವಲ್ಲಿ ಪುಡಿ, ಜಗಲಿಯಲ್ಲಿ ನಾಲ್ಕು ಮಂದಿ ಸೋಬಾನೆಯವರು. ನಾಗಮಂಗಲ ತಾಲ್ಲೂಕಿನಲ್ಲಂತೂ ಭೈರವನ ಜೋಗಿಗಳ ಪರಂಪರೆಯುಳ್ಳ ಆದಿಚುಂಚನಗಿರಿಯ ಮಗ್ಗುಲಲ್ಲೇ 1986ರಿಂದ ವೈದ್ಯಕೀಯ ಕಾಲೇಜಿದೆ. ಹಾಡೂ ವೈದ್ಯವೂ ಒಂದೇ ನೆರಳಿನಲ್ಲಿವೆ. ಪರಿಚಯವಾಗುವುದೊಂದು ಬಾಕಿ.

ಆದರೆ ಕೆಲವು ಕಟ್ಟುಪಾಡುಗಳು ಇರಲೇಬೇಕು. ಮೊದಲನೆಯದು, ವೈದ್ಯರ ಕಣ್ಣು ತಪ್ಪಿಸಿ ಯಾವುದೂ ನಡೆಯಕೂಡದು. ಇಲ್ಲದ ದನಿ ಕೇಳಿಸುವವನನ್ನು ತಮಟೆಯ ಅಬ್ಬರದ ನಡುವೆ ಕೂರಿಸಿದರೆ ಕೇಡಾದೀತು; ಯಾವುದು ಯಾರಿಗೆ ಹಿತವೆಂದು ಬಲ್ಲವರು ಹೇಳಬೇಕು. ಎರಡನೆಯದು, ಮಾತ್ರೆ ನಿಲ್ಲಿಸಿ ಪದ ಹಾಡಿರೆಂದು ಯಾರೂ ಹೇಳಕೂಡದು. ಮೂರನೆಯದು, ದೇವರ ಸೊತ್ತು ದೇವರಿಗಿರಲಿ. ಸೋಮನ ಮುಖವಾಡ ಭಕ್ತರಿಗೆ ದೈವ. ಅದನ್ನು ಗುಡಿಯಿಂದ ಕಿತ್ತು ತಂದು ಕಾಗದದ ಮುಖವಾಡದ ಕಸರತ್ತು ಮಾಡಿದರೆ ಊರವರ ಮನಸ್ಸನ್ನು ನೋಯಿಸಿ ರೋಗಿಯ ಮನಸ್ಸನ್ನು ಗುಣಪಡಿಸಿದಂತಾಗುತ್ತದೆ. ನಾಲ್ಕನೆಯದು ಮುಖ್ಯವಾದುದು: ಹಾಡುವವರಿಗೆ, ಗೊಂಬೆಯಾಡಿಸುವವರಿಗೆ ಸಂಭಾವನೆ ಸಲ್ಲಬೇಕು. ನಗರದ ತರಬೇತುದಾರರಿಗೆ ಕಾರು, ಊಟ, ಲಕೋಟೆ. ಸೋಬಾನೆಯವರಿಗೆ ಶಾಲು, ಹಾರ, ಫೋಟೋ. ಈ ಪಂಕ್ತಿಭೇದ ಸಲ್ಲದು. ಪದವನ್ನು ಎದೆಯಲ್ಲಿಟ್ಟುಕೊಂಡು ಬಂದವರು ಈ ಕೆಲಸದಲ್ಲಿ ಗುರುಗಳೇ ಹೊರತು ಅಲಂಕಾರದ ಬಾಳೆಕಂಬಗಳಲ್ಲ.

ಕಲೆಯ ಹೆಸರಿನಲ್ಲಿ ಮುಚ್ಚಿಡಬಾರದ ಮಾತೊಂದುಂಟು. ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಹೆಚ್ಚಿನ ರೋಗಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ತಲಪಿಲ್ಲ. ಈ ಕೊರತೆಯನ್ನು ತುಂಬಬೇಕಾದುದು ವೈದ್ಯರಿಂದ, ಔಷಧದಿಂದ. ಅದಕ್ಕೆ ಹಣವಿಲ್ಲವೆಂದು ಹೇಳಿ ಅಗ್ಗದ ಬದಲಿಯಾಗಿ ಕೋಲಾಟವನ್ನು ಮುಂದೊಡ್ಡಿದರೆ ಅದು ವಂಚನೆ. ಹಾಗೆಯೇ 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡುದನ್ನು ನಾವು ಮರೆತಿಲ್ಲ. ಕಬ್ಬಿನ ಬಾಕಿ ಬಾರದೆ, ಸಾಲಗಾರ ಬಾಗಿಲಲ್ಲಿ ನಿಂತಿರುವವನ ಕೈಗೆ ಬಣ್ಣದ ಕಡ್ಡಿ ಕೊಡುವುದು ಕ್ರೌರ್ಯ. ಅವನಿಗೆ ಮೊದಲು ಬಾಕಿ ಹಣ ಕೊಡಿ. ಮನಸ್ಸು ತೀರ ಕುಗ್ಗಿದವರಿಗೆ 14416 ಎಂಬ ಟೆಲಿಮಾನಸ್ ದೂರವಾಣಿ 2022ರಿಂದ ಇದೆ. ಕರೆಗೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಊರೂರಿನ ಹಾಲಿನ ಡೇರಿಯ ಗೋಡೆಯ ಮೇಲೆ ಆ ಸಂಖ್ಯೆಯನ್ನು ಬರೆಯಿಸಿದರೆ, ಅದೂ ಒಂದು ಒಳ್ಳೆಯ ಗೋಡೆಬರಹವೇ.

ಜಾನಪದ ವಿದ್ವಾಂಸರು ಇನ್ನೊಂದು ಆಕ್ಷೇಪ ತಂದಾರು: ಪದವನ್ನು ಮದುವೆಯಿಂದ ಬೇರ್ಪಡಿಸಿ ಆಸ್ಪತ್ರೆಗೆ ತಂದರೆ ಅದರ ಸಂದರ್ಭ ಕೆಡುತ್ತದೆಂದು. ಸರಿಯೆ, ಕೆಡುತ್ತದೆ. ಧ್ವನಿಸುರುಳಿಯಲ್ಲಿ ತುಂಬಿ ಕಪಾಟಿನಲ್ಲಿಟ್ಟಾಗ ಕೆಡಲಿಲ್ಲವೆ? ಸರ್ಕಾರಿ ಉತ್ಸವದ ಮೆರವಣಿಗೆಯಲ್ಲಿ ಐದು ನಿಮಿಷ ಕುಣಿಸಿದಾಗ ಕೆಡಲಿಲ್ಲವೆ? ನೊಂದ ಹೆಂಗಸೊಬ್ಬಳ ಗಂಟಲು ತೆರೆಯಿಸುವುದಕ್ಕಾಗಿ ಕೆಟ್ಟರೆ, ಅಂಥ ಕೇಡನ್ನು ಪದ ಕಟ್ಟಿದವಳು ತಾನೇ ಬೇಡವೆನ್ನುತ್ತಿರಲಿಲ್ಲ.

ಆ ಹುಡುಗಿಗೆ ಈಗ ಉತ್ತರ ಹೇಳಬಲ್ಲೆ. ನಿಮ್ಮವ್ವ ಬಿಡುವ ರಂಗವಲ್ಲಿ ಚಿಕಿತ್ಸೆಯಲ್ಲ, ತಾಯಿ, ಅದು ಬಾಳು. ಬಾಳು ಮುರಿದು ಬಿದ್ದಾಗ, ಬಲ್ಲವರು ಪಕ್ಕದಲ್ಲಿ ಕುಳಿತು ಮತ್ತೆ ಆ ಪುಡಿಯನ್ನು ಕೈಗೆ ಕೊಟ್ಟರೆ, ಆಗ ಅದು ಚಿಕಿತ್ಸೆಯಾಗುತ್ತದೆ. ನಿಮ್ಮವ್ವನ ಬಾಳಿನಲ್ಲಿ ಏನೇ ಬರಲಿ, ಆ ಪುಡಿಯ ಬಟ್ಟಲನ್ನು ಯಾರೂ ಅವಳ ಕೈಯಿಂದ ಕಿತ್ತುಕೊಳ್ಳದ ಹಾಗೆ ನೋಡಿಕೊಳ್ಳುವುದು ನಿನ್ನ ಕೆಲಸ. ಕಾಲೇಜಿನ ಮುಂದಿನ ಶಿಬಿರಕ್ಕೆ ಬಾಗಿಲ ಮುಂದೆ ರಂಗವಲ್ಲಿ ಬಿಡುವ ಆ ಇಬ್ಬರು ಹೆಂಗಸರನ್ನೇ ತರಬೇತುದಾರರನ್ನಾಗಿ ಕರೆಯಬೇಕೆಂದು ನಾನು ಬರೆದುಕೊಟ್ಟಿದ್ದೇನೆ. ಫಲಕವನ್ನು ಬೇಕಾದರೆ ಪಕ್ಕಕ್ಕೆ ನಿಲ್ಲಿಸಲಿ.